ಐದನೆಯ ಗುಂಡು

ಕಜೆತಾನನ ಸುಸ್ತು ಮೈಯದ್ದಲ್ಲ, ಕಣ್ಣಿನದ್ದು. ದೋಹಾದಿಂದ ಉತ್ತರಕ್ಕೆ, ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗಳ ಬಸ್ಸುಗಳು ಓಡುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಶೂಟಿಂಗ್ ಕ್ಲಬ್ಬಿದೆ. ಅಲ್ಲಿ ಅವನಿಗೆ ಕೆಲಸ. ಬಂದೂಕು ಒರೆಸಿ ಎಣ್ಣೆ ಹಾಕುವುದು, ಗುರಿಯ ಕಾಗದ ಬದಲಿಸುವುದು, ಸಡಿಲವಾದ ಸ್ಕ್ರೂ ಬಿಗಿ ಮಾಡುವುದು. ಐವತ್ತೇಳರ ಗಂಡಸು ನೆಲ ಹಿಡಿಯುವಂಥ ದುಡಿಮೆ ಇದರಲ್ಲಿ ಏನೂ ಇಲ್ಲ. ಆದರೂ ಸಂಜೆ ದೋಹಾದ ಮನ್ಸೂರಾ ಬಡಾವಣೆಯ ಮನೆಯ ಮೆಟ್ಟಿಲು ಹತ್ತುವಾಗ ಅವನಿಗೆ ಕಣ್ಣು ತೆರೆದಿಡಲೂ ಆಗುತ್ತಿರಲಿಲ್ಲ. ಏಕೆಂದರೆ ಬೆಳಗಿನಿಂದ ಸಂಜೆಯವರೆಗೆ ಅವನು ಜನರ ಬಾಯಿ ನೋಡುತ್ತಿದ್ದ. ಎರಡು ವರ್ಷದಿಂದ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಬಂದೂಕಿನ ಸದ್ದು ಬಾಗಿಲು ತಟ್ಟಿದಷ್ಟು ಕೇಳುತ್ತಿತ್ತು, ಮಾತು ಮಾತ್ರ ಗೋಡೆಯಾಚೆಯ ಗುಜುಗುಜು. ಇದು ಯಾರಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ.

ಬಾಯಿ ನೋಡಿ ಮಾತು ಹಿಡಿಯುವುದು ಒಂದೇ ಭಾಷೆಯಲ್ಲಾದರೆ ಹೇಗೋ ಆದೀತು. ಇಲ್ಲಿ ಸ್ಟೋರಿನವನದು ಮಲಯಾಳ, ಗೇಟಿನವನದು ಹಿಂದಿ. ಕ್ಲಬ್ಬಿನ ಮ್ಯಾನೇಜರನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ, ಅವನು ಅರಬ್ಬಿ ಬೆರೆಸಿದ ಇಂಗ್ಲಿಷನ್ನು ದಪ್ಪ ಮೀಸೆಯ ಹಿಂದೆ ಬಚ್ಚಿಟ್ಟುಕೊಂಡು ಆಡುತ್ತಾನೆ. ಆ ಮೀಸೆಯನ್ನು ಕಜೆತಾನ್ ದಿನಕ್ಕೆ ನಾಲ್ಕು ಸಲ ಮನಸ್ಸಿನಲ್ಲೇ ಬೋಳಿಸಿ ಹಾಕುತ್ತಿದ್ದ. ಏನೂ ಅರ್ಥವಾಗದಿದ್ದಾಗ ನಕ್ಕುಬಿಡುತ್ತಿದ್ದ. ಹಾಗಾಗಿ ಕ್ಲಬ್ಬಿನಲ್ಲಿ ಅವನಿಗೆ ಸದಾ ನಗುಮುಖದ ಮನುಷ್ಯ ಎಂಬ ಹೆಸರು. ಒಮ್ಮೆ ಗೇಟಿನವನು ತನ್ನ ತಾಯಿ ತೀರಿಕೊಂಡದ್ದನ್ನು ಹೇಳಿದಾಗಲೂ ಇವನು ನಕ್ಕಿದ್ದ. ಅದು ಗೊತ್ತಾದ ದಿನ ಅವನಿಗೆ ಊಟ ಸೇರಲಿಲ್ಲ.

ಕಿವಿ ಹಾಳಾದದ್ದು ದೊಡ್ಡ ಬಂದೂಕಿನಿಂದಲ್ಲ. ಶಿರ್ವದ ಕಡೆಯ ಕಜೆತಾನ್ ಮೊದಲು ರಾಸ್ ಲಫಾನಿನಲ್ಲಿ ಕಂಟ್ರಾಕ್ಟಿನ ಫಿಟ್ಟರ್ ಆಗಿದ್ದ, ಹದಿನಾರು ವರ್ಷದ ಹಿಂದೆ ಈ ಕ್ಲಬ್ಬಿಗೆ ಬಂದ. ಇಲ್ಲಿ ಹೆಚ್ಚಾಗಿ ಹೊಡೆಯುವುದು ಪಾಯಿಂಟ್ ಟೂ ಟೂ, ಕಿರುಬೆರಳಿಗಿಂತ ಚಿಕ್ಕ ಗುಂಡು. ಇದೆಂಥ ಬಂದೂಕು, ಪಟಾಕಿಯಲ್ಲವೇ ಎಂದು ಯಾರೂ ಅದಕ್ಕೆ ಮರ್ಯಾದೆ ಕೊಡುತ್ತಿರಲಿಲ್ಲ. ಆಗಿದ್ದ ಮ್ಯಾನೇಜರನಿಗೆ ಒಬ್ಬನನ್ನು ಎರಡು ಸಲ ಕರೆಯುವುದೆಂದರೆ ಮೈಯುರಿ. ಅವನ ಮೊದಲ ಕೂಗಿಗೇ ಓಗೊಡಬೇಕೆಂದು ಕಜೆತಾನ್ ಕಿವಿ ಮುಚ್ಚುವ ಮಫ್ಫಿನ ಎಡಭಾಗವನ್ನು ಸದಾ ಹಿಂದಕ್ಕೆ ಸರಿಸಿಕೊಂಡಿರುತ್ತಿದ್ದ. ದಿನಕ್ಕೆ ಸಾವಿರ ಪಟಾಕಿ, ಹತ್ತು ವರ್ಷ. ಒಬ್ಬ ಧಣಿಯ ಸಿಡುಕಿಗೆ ಒಂದು ಕಿವಿ ಹೋಯಿತು. ಧಣಿ ನಿವೃತ್ತನಾಗಿ ಸುಖವಾಗಿದ್ದಾನೆ ಎಂದು ಸುದ್ದಿ.

ಹೇಳಿಕೊಂಡರೆ ಏನಾಗುತ್ತದೆಂದು ಕಜೆತಾನನಿಗೆ ಗೊತ್ತಿತ್ತು. ರೇಂಜಿನಲ್ಲಿ ಕಿವುಡನನ್ನು ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ವೀಸಾ ಹೋಯಿತು, ಅವನ ಹೆಸರಿನ ಮೇಲೆ ನಿಂತ ಹೆಂಡತಿ ಎಡ್ನಾ ಮತ್ತು ಮಗಳು ಪ್ಯಾಟ್ರಿಷಿಯಾರ ವೀಸಾವೂ ಹೋಯಿತು. ಮಗಳಿಗೆ ಮಾರ್ಚಿನಲ್ಲಿ ಹನ್ನೆರಡನೇ ಕ್ಲಾಸಿನ ಪರೀಕ್ಷೆ. ನಡುವರ್ಷದಲ್ಲಿ ಅವಳನ್ನು ಕಿತ್ತು ಊರಿಗೆ ಒಯ್ದರೆ ಓದು ಅಲ್ಲಿಗೆ ಕೆಟ್ಟಿತು. ಮಾರ್ಚ್ ಮುಗಿಯಲಿ, ಆಮೇಲೆ ತಾನೇ ಹೋಗಿ ರಾಜೀನಾಮೆ ಕೊಡುತ್ತೇನೆ ಎಂದು ಅವನು ತೀರ್ಮಾನಿಸಿದ್ದ. ನವೆಂಬರಿನಿಂದ ಮಾರ್ಚಿಗೆ ನಾಲ್ಕು ತಿಂಗಳು. ಇಷ್ಟು ದಿನ ಎಳೆದವನಿಗೆ ಅದೇನು ಹೆಚ್ಚಲ್ಲ ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ಸಂಜೆಗೆ ಅದೇ ನಾಲ್ಕು ತಿಂಗಳು ಮುಗಿಯದ ಮರಳುಗಾಡಾಗುತ್ತಿತ್ತು.

ಹೀಗಿರುವಾಗ ಕ್ಲಬ್ಬಿನ ಪಕ್ಕದ ಜಾಗಕ್ಕೆ ಒಂದು ಕುದುರೆಲಾಯ ಬಂತು. ಗುಂಡಿನ ಸದ್ದಿಗೆ ಕುದುರೆಗಳು ಬೆಚ್ಚುತ್ತವೆ, ಮೇವು ಬಿಡುತ್ತವೆ ಎಂದು ಲಾಯದವರು ಪತ್ರ ಬರೆದರು. ಕ್ಲಬ್ಬಿನವರು ಓಡಾಡಿ ಸರಕಾರದ ಅನುಮತಿ ತಂದು, ಪರೀಕ್ಷೆ ಮಾಡಿ ನೋಡಲು ಎರಡು ಸಪ್ರೆಸರ್ ತರಿಸಿದರು. ಸಪ್ರೆಸರ್ ಎಂದರೆ ಬಂದೂಕಿನ ನಳಿಗೆಯ ಬಾಯಿಗೆ ತಿರುಪಿ ಕೂರಿಸುವ ಉದ್ದನೆಯ ಡಬ್ಬಿ. ಸಿನಿಮಾದವರು ಸೈಲೆನ್ಸರ್ ಎನ್ನುವುದು ಇದನ್ನೇ. ಸಿಡಿದ ಮದ್ದಿನ ಗಾಳಿಯನ್ನು ಒಳಗಿನ ಬಿಲ್ಲೆಗಳಲ್ಲಿ ತಡೆದು ತಡೆದು ಬಿಡುತ್ತದೆ, ಸದ್ದು ಸಾಯುತ್ತದೆ. ಕುದುರೆಯ ಕಿವಿಗೆ ಸಿಕ್ಕ ಮರ್ಯಾದೆ ನೋಡಿ ಕಜೆತಾನನಿಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಪರೀಕ್ಷೆಗೆ ಒಂದು ಸೋಮವಾರ ಬೆಳಿಗ್ಗೆ ನಿಗದಿಯಾಯಿತು. ಹೊಡೆಯುವವನು ಕ್ಯಾಪ್ಟನ್. ಸದ್ದು ಅಳೆಯುವ ಮೀಟರ್ ಹಿಡಿದು ನಿಂತವನು ರೇಂಜ್ ಆಫೀಸರ್ ರೋಶನ್, ಪಡುಬಿದ್ರಿಯ ಹುಡುಗ, ಮೂವತ್ತಮೂರರವನು. ಗುಂಡು ಹೊಡೆಯುವ ಸಾಲಿನಲ್ಲಿ ಯಾರು ಎಲ್ಲಿದ್ದಾರೆಂದು ನೋಡುವ ಜವಾಬ್ದಾರಿ ಅವನದು. ಕರಾವಳಿಯಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ ಅವನು ಕಜೆತಾನನನ್ನು ಪರ್ಬುಗಳೇ ಎನ್ನುತ್ತಿದ್ದ.

"ಪರ್ಬುಗಳೇ, ಇದು ಸರಿ ಕೂತಿದೆಯಾ ಒಮ್ಮೆ ನೋಡಿ ಮಾರಾಯ್ರೆ. ಸೊಟ್ಟ ಇದ್ರೆ ಗುಂಡು ಡಬ್ಬಿಯನ್ನೇ ಹರಿದು ಹೋಗ್ತದೆ."

ಕಜೆತಾನ್ ಸಪ್ರೆಸರನ್ನು ಬೆರಳ ತುದಿಯಲ್ಲಿ ತಿರುಗಿಸಿದ. ಎರಡನೇ ಸುತ್ತಿನಲ್ಲೇ ತಿರುಪಿನ ಎಳೆ ಎಲ್ಲೋ ಕಚ್ಚುತ್ತಿರುವುದು ಅವನ ಬೆರಳಿಗೆ ಗೊತ್ತಾಯಿತು. ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಕೂರಿಸಿ, ನಳಿಗೆಯೊಳಗೆ ನೇರ ಸಲಾಕೆ ತೂರಿಸಿ ನೋಡಿದ. ಸಲಾಕೆ ಡಬ್ಬಿಯ ಬಾಯಿಯ ಸರಿ ನಡುವಿನಿಂದ ಹೊರಬಂತು. "ಈಗ ಹೊಡೀಲಿ" ಎಂದ. ಕೈಗೆ ಇನ್ನೂ ಕಿವುಡು ಬಂದಿಲ್ಲ ಎಂದು ಅವನಿಗೆ ಒಂದು ಗಳಿಗೆ ಹೆಮ್ಮೆಯಾಯಿತು.

ಕ್ಲಬ್ಬಿನ ಕ್ರಮ ಹೀಗೆ: ಒಂದು ಕಾಗದಕ್ಕೆ ಐದು ಗುಂಡು. ಐದೂ ಮುಗಿದು, ಬಂದೂಕು ತೆರೆದಿಟ್ಟು, ರೋಶನ್ "ಕ್ಲಿಯರ್" ಎಂದ ಮೇಲೆ ಕಜೆತಾನ್ ಹಳದಿ ಗೆರೆ ದಾಟಿ ಐವತ್ತು ಮೀಟರ್ ನಡೆದು ಕಾಗದ ತರಬೇಕು. ಎರಡು ವರ್ಷದಿಂದ ಅವನು ಬಲಗಿವಿಯಲ್ಲಿ ಐದು ತಟ್ಟುಗಳನ್ನು ಎಣಿಸಿ, ಆಮೇಲೆ ರೋಶನನ ಬಾಯಿ ನೋಡಿ ಹೊರಡುತ್ತಿದ್ದ. ಒಮ್ಮೆಯೂ ತಪ್ಪಿರಲಿಲ್ಲ.

ಮೊದಲು ಬೋಲ್ಟ್ ಎಳೆದು ಒಂದೊಂದೇ ಗುಂಡು ತುಂಬುವ ಬಂದೂಕು. ಕ್ಯಾಪ್ಟನ್ ಟ್ರಿಗರ್ ಎಳೆದ. ಕಜೆತಾನನಿಗೆ ಏನೂ ಕೇಳಲಿಲ್ಲ. ಬಾಗಿಲು ತಟ್ಟಿದಷ್ಟೂ ಇಲ್ಲ. ರೋಶನ್ ಮೀಟರ್ ನೋಡಿ ಹುಬ್ಬೇರಿಸಿದ, ಕ್ಯಾಪ್ಟನ್ ಬೆರಗಾಗಿ ಏನೋ ಹೇಳಿದ. ಇಬ್ಬರೂ ನಕ್ಕರು. ಅವರಿಗೆ ಸದ್ದು ಕಡಿಮೆಯಾಗಿತ್ತು, ಇವನಿಗೆ ಊರುಗೋಲೇ ಹೋಗಿತ್ತು. ಆದರೂ ಈ ಬಂದೂಕಿನಲ್ಲಿ ಬೋಲ್ಟ್ ಎಳೆಯುವ ಕೈ ಕಾಣುತ್ತಿತ್ತು. ಕೈಯನ್ನೇ ಎಣಿಸಿದ. ಐದು. ರೋಶನನ ತುಟಿ ನೋಡಿದ, ಕ್ಲಿಯರ್. ಹೋಗಿ ಕಾಗದ ತಂದ. ತೂತುಗಳೆಲ್ಲ ಎರಡು ಬೆರಳು ಕೆಳಗಿದ್ದವು. ಮೂತಿಗೆ ಭಾರ ಬಿದ್ದರೆ ಹಾಗೆಯೇ ಎಂದು ವಿವರಿಸಿ ಬಂದೂಕಿನ ಮೇಲಿನ ದುರ್ಬೀನಿನ ತಿರುಪು ಸರಿಮಾಡಿ ಕೊಟ್ಟ. ಮತ್ತೆ ಐದು, ಮತ್ತೆ ಕಾಗದ. ನಿಧಾನದ ಗುಂಡು, ವೇಗದ ಗುಂಡು ಎಂದು ಬದಲಿಸಿ ಬದಲಿಸಿ ಹೊಡೆದರು. ಹನ್ನೊಂದು ಗಂಟೆಯ ಹೊತ್ತಿಗೆ ಕಜೆತಾನನ ಕಣ್ಣು ಉರಿಯುತ್ತಿತ್ತು, ರೆಪ್ಪೆಯ ಹಿಂದೆ ನೋವು ಶುರುವಾಗಿತ್ತು.

ಆಮೇಲೆ ತಾನಾಗಿಯೇ ಗುಂಡು ತುಂಬಿಕೊಳ್ಳುವ ಬಂದೂಕು ಬಂತು. ಇದರಲ್ಲಿ ಕೈ ಅಲುಗುವುದಿಲ್ಲ. ಖಾಲಿ ತೋಟಾಗಳು ಬಲಕ್ಕೆ ಸಿಡಿಯುತ್ತವೆ, ಕಜೆತಾನ್ ನಿಂತದ್ದು ಎಡಕ್ಕೆ. ಕ್ಯಾಪ್ಟನನ ಭುಜ ಒಂಚೂರು ಅದುರುವುದನ್ನು ನೋಡಿ ಎಣಿಸಲು ಹೊರಟ. ಎರಡು, ಮೂರು. ನಡುವೆ ಒಮ್ಮೆ ಕಣ್ಣು ಮುಚ್ಚಿ ಬಂತು. ತೆರೆದಾಗ ಕ್ಯಾಪ್ಟನ್ ತಲೆಯೆತ್ತಿ ಹಣೆ ಒರೆಸಿಕೊಳ್ಳುತ್ತಿದ್ದ, ರೋಶನ್ ಮೀಟರಿನ ಮೇಲೆ ಬಾಗಿದ್ದ, ಅವನ ಬಾಯಿ ಕಾಣುತ್ತಿರಲಿಲ್ಲ. ಆಯಿತಾ ಎಂದು ಕೇಳಬಹುದಿತ್ತು. ಕೇಳಿದರೆ ಉತ್ತರಕ್ಕೆ ಮತ್ತೆ ಒಂದು ಬಾಯಿ ನೋಡಬೇಕು. ಅಷ್ಟು ತ್ರಾಣ ಆ ಗಳಿಗೆಯಲ್ಲಿ ಅವನಲ್ಲಿರಲಿಲ್ಲ. ಮುಗಿದಿರಬೇಕು ಎಂದುಕೊಂಡು ಹಳದಿ ಗೆರೆ ದಾಟಿದ.

ಪಕ್ಕದ ಕಾಲುದಾರಿಯಲ್ಲಿ ನಡೆದು ಕಾಗದದ ಹತ್ತಿರ ಬಂದ. ನಾಲ್ಕು ತೂತು ಕಂಡವು. ಇನ್ನೊಂದೆಲ್ಲಿ ಎಂದು ನೋಡಲು ಕೈ ಚಾಚಬೇಕು, ಅಷ್ಟರಲ್ಲಿ ಅವನ ಕಣ್ಣೆದುರೇ, ಬೆರಳಿನಿಂದ ಒಂದು ಗೇಣು ದೂರದಲ್ಲಿ, ಐದನೆಯ ತೂತು ಬಿತ್ತು. ಸದ್ದಿಲ್ಲ, ಏನಿಲ್ಲ. ಬಿಳಿ ಕಾಗದದಲ್ಲಿ ಒಂದು ತೂತು ಮಾತ್ರ.

ಅದೇನೆಂದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ತಿರುಗಿ ನೋಡಿದರೆ ರೋಶನ್ ಎರಡೂ ಕೈ ಬೀಸುತ್ತ ಓಡಿ ಬರುತ್ತಿದ್ದ, ಅವನ ಬಾಯಿ ಇಷ್ಟಗಲ ತೆರೆದಿತ್ತು. ಹಿಂದೆ ಕ್ಯಾಪ್ಟನ್ ಬಂದೂಕು ಬಿಟ್ಟು ತಲೆ ಹಿಡಿದುಕೊಂಡು ನಿಂತಿದ್ದ. ಕಜೆತಾನ್ ಅಲ್ಲೇ ಮರಳಿನ ಮೇಲೆ ಕುಳಿತುಬಿಟ್ಟ.

ರೋಶನ್ ಅವನೆದುರು ಮೊಣಕಾಲೂರಿ, ಮುಖವನ್ನು ನೇರ ಅವನ ಮುಖಕ್ಕೆ ಹಿಡಿದು, ನಿಧಾನವಾಗಿ ಹೇಳಿದ. "ಮೂರು ಸಲ ಕೂಗಿದೆ ಪರ್ಬುಗಳೇ, ಮೂರು ಸಲ. ದುರ್ಬೀನಿಗೆ ಕಣ್ಣಿಟ್ಟ ಕ್ಯಾಪ್ಟನಿಗೂ ಮಫ್ಫಿನೊಳಗೆ ಕೇಳ್ಲಿಲ್ಲ. ನಿಮಗೆ ಕೇಳುದಿಲ್ಲ ಅಂತ ನನಗೆ ಗೊತ್ತುಂಟು. ಎರಡು ವರ್ಷ ನಿಮ್ಮ ಎದುರು ನಿಂತೇ ಕ್ಲಿಯರ್ ಹೇಳಿದ್ದು ಮತ್ತೆ ಯಾಕೆ? ಇವತ್ತು ಒಂದು ನಿಮಿಷ ಆ ದರಿದ್ರ ಮೀಟರ್ ನೋಡಿದೆ." ಅವನ ತುಟಿ ನಡುಗುತ್ತಿತ್ತು, ಓದುವುದು ಕಷ್ಟವಾಯಿತು. "ಒಳಗೆ ನೀವು ಸುಮ್ಮನಿರಿ. ನಾನು ಮಾತಾಡ್ತೇನೆ."

ಕ್ಯಾಪ್ಟನನ ಕೋಣೆಯಲ್ಲಿ ಅಪಘಾತದ ಪುಸ್ತಕ ತೆರೆಯಿತು. ರೋಶನ್ ನೆಟ್ಟಗೆ ನಿಂತು, ತಪ್ಪು ತನ್ನದು, ಗೆರೆಯ ಮೇಲೆ ಕಣ್ಣಿಡದೆ ಮೀಟರ್ ನೋಡುತ್ತಿದ್ದೆ ಎಂದ. ಕ್ಯಾಪ್ಟನನ ಮುಖ ಇನ್ನೂ ಬೆಳ್ಳಗಿತ್ತು. ಹಾಗಿದ್ದರೆ ನಿನ್ನ ರೇಂಜ್ ಆಫೀಸರ್ ಲೈಸೆನ್ಸ್ ಇವತ್ತಿಗೆ ಖಲಾಸ್ ಎಂದ. ಅದನ್ನು ಕಜೆತಾನ್ ಮೀಸೆಯ ಹಿಂದಿನಿಂದಲೂ ಸ್ಪಷ್ಟವಾಗಿ ಓದಿದ. ರೋಶನನ ಹೆಂಡತಿ ಅಶ್ವಿತಾ ಮೂರು ತಿಂಗಳ ಕೂಸನ್ನು ಕಟ್ಟಿಕೊಂಡು ಊರಿನಿಂದ ಬಂದು ಹದಿನೈದು ದಿನ ಕೂಡ ಆಗಿರಲಿಲ್ಲ.

ಕಜೆತಾನ್ ಸುಮ್ಮನೆ ನಿಂತ. ಸುಳ್ಳೇಕೆ, ಅವನಿಗೆ ಮೊದಲು ಸಮಾಧಾನವೇ ಆಯಿತು. ಮಾರ್ಚ್ ಉಳಿಯಿತು, ಮಗಳ ಪರೀಕ್ಷೆ ಉಳಿಯಿತು. ಈ ಹುಡುಗ ಇನ್ನೂ ಚಿಕ್ಕವನು, ಇನ್ನೊಂದು ಕೆಲಸ ಹುಡುಕಿಕೊಂಡಾನು. ಕ್ಯಾಪ್ಟನ್ ಪೆನ್ನು ತೆಗೆದು ರೋಶನನ ಹೆಸರು ಬರೆಯತೊಡಗಿದ. ಆಗ ಕಜೆತಾನನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎರಡು ವರ್ಷ ತನ್ನನ್ನು ಕಾದವನ ಹೆಸರು ಅದು.

"ಅವನನ್ನು ಬರೆಯಬೇಡಿ ಸರ್. ಅವನು ಕೂಗಿದ್ದಾನೆ. ನನಗೆ ಕೇಳಲಿಲ್ಲ. ನನಗೆ ಕಿವಿ ಕೇಳುವುದಿಲ್ಲ, ಎರಡು ವರ್ಷವಾಯಿತು. ನಾನು ಯಾರಿಗೂ ಹೇಳಲಿಲ್ಲ."

ತನ್ನ ದನಿ ಎಷ್ಟು ಜೋರಾಯಿತೆಂದು ಅವನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಸ್ಟೋರಿನವನು ಇಣುಕಿದ್ದು ನೋಡಿದರೆ ಕಿರುಚಿಯೇ ಹೇಳಿರಬೇಕು.

ಕ್ಯಾಪ್ಟನ್ ಪೆನ್ನು ಕೆಳಗಿಟ್ಟ. ಒಂದು ಹಾಳೆ ತೆಗೆದು, ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದು ಮುಂದೆ ತಳ್ಳಿದ. ನಾಳೆಯಿಂದ ರೇಂಜಿಗೆ ಇಳಿಯುವಂತಿಲ್ಲ. ಭಾನುವಾರ ಕಿವಿಯ ಪರೀಕ್ಷೆ. ಅಲ್ಲಿಯವರೆಗೆ ಬಂದೂಕು ಕೋಣೆಯಲ್ಲಿ ಕೂತು ಕೆಲಸ. ಆಮೇಲಿನದು ಹೆಡ್ ಆಫೀಸಿನ ಕೈಯಲ್ಲಿದೆ, ನಾನು ಮಾತು ಕೊಡಲಾರೆ. ಕಜೆತಾನ್ ಓದಿ ಸಹಿ ಹಾಕಿದ. ಎರಡು ವರ್ಷದಲ್ಲಿ ಯಾರಾದರೂ ಅವನಿಗೆ ಒಂದು ವಿಷಯವನ್ನು ಬರೆದು ತಿಳಿಸಿದ್ದು ಇದೇ ಮೊದಲು. ಕಣ್ಣಿಗೆ ಎಷ್ಟು ಹಗುರವೆನಿಸಿತೆಂದರೆ ಅಳು ಬಂತು.

ಮನೆಗೆ ಬಂದಾಗ ಎಡ್ನಾ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು. ಪ್ಯಾಟ್ರಿಷಿಯಾ ಇನ್ನೂ ಟ್ಯೂಷನ್ನಿನಿಂದ ಬಂದಿರಲಿಲ್ಲ. ಅವನು ಶೂ ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಗುಂಡಿನದ್ದನ್ನು ಹೇಳಿದ, ರೋಶನನದ್ದನ್ನು ಹೇಳಿದ. ಮಾರ್ಚಿನ ಮೊದಲೇ ಊರಿಗೆ ಹೋಗಬೇಕಾಗಿ ಬರಬಹುದು, ನನ್ನಿಂದಾಗಿ ಮಗಳ ವರ್ಷ ಹಾಳಾದೀತು ಎಂದ. ಕೊನೆಗೆ ಕಿವಿಯದ್ದನ್ನು ಹೇಳಿದ.

ಎಡ್ನಾ ಕೈ ತೊಳೆದು ಬಂದು ಅವನೆದುರು ನಿಂತಳು. ಗುಂಡಿನ ವಿಷಯಕ್ಕೆ ಅವಳ ಕಣ್ಣು ತುಂಬಿತ್ತು, ಕಿವಿಯ ವಿಷಯಕ್ಕೆ ಅವಳು ಬೆಚ್ಚಲೇ ಇಲ್ಲ.

"ಅದು ಗೊತ್ತುಂಟು ನಮಗೆ. ಪ್ಯಾಟ್ರಿಷಿಯಾ ಮೊದಲು ಹೇಳಿದ್ದು. ಈ ಅಡುಗೆಮನೆಯಿಂದ ನಾನು ನಿಮ್ಮನ್ನು ಕರೆಯದೆ ಎಷ್ಟು ಕಾಲ ಆಯ್ತು, ನಿಮಗೆ ಗೊತ್ತಾಗ್ಲೇ ಇಲ್ಲ ಅಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

"ನೀವು ಇಷ್ಟು ಕಷ್ಟಪಟ್ಟು ಅಡಗಿಸ್ತಾ ಇದ್ರಿ. ಪಪ್ಪನಿಗೆ ಬೇಜಾರಾಗ್ತದೆ, ಮಾರ್ಚ್ ಮುಗೀಲಿ ಮಮ್ಮಿ, ಅಂತ ಅವಳೇ ನನ್ನ ಬಾಯಿ ಮುಚ್ಚಿಸಿದ್ದು." ಎಡ್ನಾ ಕುರ್ಚಿ ಎಳೆದು ಕುಳಿತಳು. ಅವಳ ಮುಖದಲ್ಲಿ ತನ್ನ ಮುಖದಲ್ಲಿರುವಷ್ಟೇ ದಣಿವಿರುವುದನ್ನು ಕಜೆತಾನ್ ಆಗಲೇ ಮೊದಲ ಸಲ ಕಂಡ. ಇಷ್ಟು ದಿನ ಅವನು ನೋಡುತ್ತಿದ್ದುದು ಅವಳ ತುಟಿಯನ್ನು ಮಾತ್ರ.

"ನಮಗೂ ಸಾಕಾಗಿತ್ತು," ಎಂದಳು ಎಡ್ನಾ.