ಕುಕ್ಕರಿನಲ್ಲಿ ಮಾಂಸ ಇಟ್ಟವನು

ವೀಣಾ, ಆ ದಿನ ನಮ್ಮ ರೈಸ್ ಕುಕ್ಕರಿನಲ್ಲಿ ದನದ ಮಾಂಸ ಇಟ್ಟವನು ನಾನು. ನಮ್ಮ ಮಗಳಲ್ಲ. ಜಾನುವಿಗೆ ಅದರ ಸುಳಿವೂ ಇರಲಿಲ್ಲ. ಏಳು ವರ್ಷದಿಂದ ಇಷ್ಟು ಮಾತನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದ್ದೇನೆ.

ನಾನು ಎಂಥವನೆಂದು ನಿನಗೆ ಗೊತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ವಾಪಸು ಬರುವವನು. ಭೂಕಂಪವಾದರೆ ಎತ್ತಿಕೊಂಡು ಓಡಲೆಂದು ಕಟ್ಟಿಟ್ಟ ಚೀಲದಲ್ಲಿ ಮೂರು ಟಾರ್ಚ್ ಇಟ್ಟು, ಮೂರನ್ನೂ ವಾರಕ್ಕೊಮ್ಮೆ ಹತ್ತಿಸಿ ನೋಡುವವನು. ಅಂಥವನು ಆಫೀಸಿನವರ ಜೊತೆ ವರ್ಷಗಟ್ಟಲೆ ದನದ ಮಾಂಸ ತಿಂದು, ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದೆ.

ಆ ಡಿಸೆಂಬರಿನಲ್ಲಿ ಆಫೀಸಿನ ಮೊರಿತಾ ಸಾನ್ ವರ್ಷಾಂತ್ಯದ ಉಡುಗೊರೆಯಾಗಿ ಒಂದು ದೊಡ್ಡ ತುಂಡು ಮಾಂಸ ಕೊಟ್ಟರು. ತಮ್ಮ ಮನೆಯ ಭಾನುವಾರದ ಅಡುಗೆಯ ಕ್ರಮವನ್ನೂ ಹೇಳಿಕೊಟ್ಟರು — ಉಪ್ಪು, ಮೆಣಸು, ಬೆಳ್ಳುಳ್ಳಿ ಸವರಿ, ಬಾಣಲೆಯಲ್ಲಿ ಸುತ್ತಲೂ ಕೆಂಪಗೆ ಮಾಡಿ, ಗಾಳಿಯಾಡದ ಚೀಲಕ್ಕೆ ಹಾಕಿ, ರೈಸ್ ಕುಕ್ಕರಿನ ಬಿಸಿನೀರಿನಲ್ಲಿ ಮುಳುಗಿಸಿ, ಬೆಚ್ಚಗಿಡುವ ಗುಂಡಿ ಒತ್ತಿ ಸುಮ್ಮನೆ ಬಿಟ್ಟುಬಿಡುವುದು. ಈ ಜಪಾನಿನಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ನೀನು ಕೋಬೆಯಲ್ಲಿ ತಂಗಿಯ ಮನೆಯಲ್ಲಿದ್ದೆ, ಮರುದಿನ ಬರುವವಳು. ಜಾನು ಶಾಲೆಯ ಊಟದಲ್ಲಿ ಮಾಂಸ ತಿನ್ನುತ್ತಾಳೆಂದು ನನಗೆ ಗೊತ್ತಿತ್ತು. ಅಪ್ಪ ಮಗಳು ಒಂದು ಸಂಜೆ ಜೊತೆಗೆ ಕೂತು ಊಟ ಮಾಡೋಣ, ಅವಳಿಗೆ ಹೇಳದೇ ಮಾಡಿಟ್ಟು ಖುಷಿಪಡಿಸೋಣ ಎಂದು ಅರ್ಧ ದಿನ ರಜೆ ಹಾಕಿದೆ. ನೀನು ದೇವರ ನೈವೇದ್ಯಕ್ಕೆ ಅನ್ನ ಮಾಡುವುದು ಅದೇ ಕುಕ್ಕರಿನಲ್ಲಿ ಎಂಬುದು — ನೆನಪಿತ್ತು. ತೊಳೆದಿಟ್ಟರಾಯಿತು ಎಂದುಕೊಂಡೆ.

ನೀನು ಒಂದು ದಿನ ಮೊದಲೇ ಬಂದೆ. ಜಾನುವೂ ಆಗಷ್ಟೇ ಶಾಲೆಯಿಂದ ಬಂದು ಹೆಗಲಿನ ಬ್ಯಾಗು ಇಳಿಸುತ್ತಿದ್ದಳು. ನೀನು ಅಕ್ಕಿ ತೊಳೆದು, ಕುಕ್ಕರಿನ ಮುಚ್ಚಳ ತೆಗೆದೆ.

"ಯಾರು ಇದನ್ನ ಇಟ್ಟಿದ್ದು?"

ನಿನ್ನ ದನಿ ಏರಿರಲೂ ಇಲ್ಲ. 'ನಾನು' ಎಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು ನಾನು ಜಾನುವಿನ ಕೆನ್ನೆಗೆ ಹೊಡೆದೆ. "ಎಷ್ಟು ಸಲ ಹೇಳಿದೀನಿ ನಿಂಗೆ, ಇದನ್ನೆಲ್ಲ ಮನೆಗೆ ತರ್ಬೇಡ ಅಂತ" — ಒಮ್ಮೆಯೂ ಹೇಳಿರಲಿಲ್ಲ. ಮೊದಲ ಏಟು ನನ್ನ ಕಿವಿಗೇ ನಂಬುವ ಹಾಗೆ ಕೇಳಿಸಲಿಲ್ಲ, ಅದಕ್ಕೇ ಎರಡನೆಯದು. ಆಮೇಲೆ ಜಡೆ ಹಿಡಿದೆ. ಹಿಡಿದ ಮೇಲೆ — ಅದು ಬೇರೆಯೇ ಏನೋ, ವೀಣಾ. ಜನ್ಮದಲ್ಲಿ ಮೊದಲ ಬಾರಿಗೆ ನನಗೆ ಯಾವುದರ ಭಯವೂ ಇರಲಿಲ್ಲ. ಫ್ರಿಜ್ಜಿನ ಅಂಚಿಗೆ ಅವಳ ತಲೆ ಬಡಿದ ಸದ್ದು ಕೇಳಿಸಿತು. ಕೇಳಿಸಿಯೂ ಇನ್ನೊಮ್ಮೆ ಬಡಿದೆ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ನೀನು ನನ್ನ ಮಣಿಕಟ್ಟು ಕಚ್ಚಿ ಅವಳನ್ನು ಬಿಡಿಸಿಕೊಂಡೆ.

ಅವಳು ನೆಲದ ಮೇಲೆ ಕೂತು ಕುಕ್ಕರನ್ನು ನೋಡಿದಳು. ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಯಿತು — ತೆರೆದಿದ್ದ ಆ ಒಂದು ಕಣ್ಣಿನಲ್ಲಿ ಅದನ್ನು ಕಂಡೆ. ಕನ್ನಡದಲ್ಲಿ ಕೇಳಿದರೆ ಜಪಾನೀಸಿನಲ್ಲಿ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲೇ ಹೇಳಿದಳು:

"ಇನ್ನು ಮಾಡಲ್ಲ, ಅಪ್ಪ."

ನೀವಿಬ್ಬರೂ ಆಸ್ಪತ್ರೆಗೆ ಹೋದಿರಿ. ಸ್ನಾನದ ಮನೆಯಲ್ಲಿ ಜಾರಿದೆ ಎಂದು ಅವಳು ಡಾಕ್ಟರಿಗೆ ಹೇಳಿದ್ದು, ನಾಲ್ಕು ಹೊಲಿಗೆ — ಅದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಮಾಂಸವನ್ನು ಎಸೆಯುವ ಮುನ್ನ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡೆ. ಬೆಣ್ಣೆಯ ಹಾಗೆ ಬೆಂದಿತ್ತು. ಇನ್ನೊಂದು ಚೂರು ಕತ್ತರಿಸಿದೆ.

ಅಂದಿನಿಂದ ನೀನು ಅವಳನ್ನು ಅಡುಗೆಮನೆಗೆ ಸೇರಿಸಲಿಲ್ಲ. ತಟ್ಟೆ ಬೇರೆ, ಲೋಟ ಬೇರೆ. ಈಗ ಕಾಶಿವಾ ಊರಿನ ಕಾಲೇಜಿನಲ್ಲಿ ಓದುತ್ತಾಳೆ. ವರ್ಷಕ್ಕೊಮ್ಮೆ ಬಂದರೂ ಕೊಂಬಿನಿ ಅಂಗಡಿಯ ಊಟದ ಡಬ್ಬಿ ತಂದು, ನಮ್ಮ ಮೇಜಿನ ಮುಂದೆ ಕೂತು ತಿಂದು ಹೋಗುತ್ತಾಳೆ. ನಾನು ಎದುರಿಗೆ ಕೂತು ಚಳಿ ಈ ಸಲ ಜಾಸ್ತಿ ಎನ್ನುತ್ತೇನೆ.

ಹೋದ ವಾರ ನೀನು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದೆ: "ನಮ್ಮೆಜಮಾನ್ರು ಯಾವುದಕ್ಕೂ ಗಟ್ಟಿಯಾಗಿ ನಿಂತೋರಲ್ಲ ಕಣೇ. ಅವತ್ತೊಂದಿನ ನಿಂತ್ರು."

ನಿನ್ನ ತವರಿನವರ ಮುಂದೆ ನನಗೆ ಸಿಕ್ಕಿದ ಒಂದೇ ಒಂದು ಪದಕ. ಅದು ನನಗೆ ಸಲ್ಲದ್ದು.

ಭಾನುವಾರ ಜಾನು ಬರುತ್ತಾಳೆ. ಈ ಕಾಗದವನ್ನು ಶನಿವಾರ ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಅವಳ ಕ್ಷಮೆಯನ್ನು ನಿನ್ನ ಮುಂದೆಯೇ ಕೇಳುತ್ತೇನೆ — ಸಿಗುತ್ತದೆಂದಲ್ಲ. ನೀನು ಅವಳಿಗೆ ನಿನ್ನ ಕೈಯಾರೆ ಬಡಿಸು. ನನ್ನ ವಿಚಾರ ಆಮೇಲೆ.