ಆರ್ವಿಡನ ತಾಮ್ರದ ಗುಂಡು

ನವೆಂಬರಿನ ಜಿಂಕೆ ಬೇಟೆ ಹತ್ತಿರ ಬಂತೆಂದರೆ ಅಮೆರಿಕದ ಮಿನೆಸೋಟದ ಆ ಪುಟ್ಟ ಊರಿನ ಬಂದೂಕಿನಂಗಡಿಗೆ ಮುದುಕ ಆರ್ವಿಡ್ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಹೋಗುತ್ತಾನೆ. ಗುಂಡಿನ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅಂಗಡಿಯ ಮಾರ್ಲಿಸಳನ್ನು ಕೇಳುತ್ತಾನೆ: "ಇದ್ರಲ್ಲಿ ಚೂರೂ ಸೀಸ ಇಲ್ಲ ತಾನೆ?" "ಇಲ್ಲ ಕಣಣ್ಣಾ, ಅಪ್ಪಟ ತಾಮ್ರ. ಹೋದ ವರ್ಷಾನೂ ಹೇಳಿದ್ದೆ." "ಜಿಂಕೆ ಮೈಯೊಳಗೆ ಹೋಗಿ ಪುಡಿಯಾಗಲ್ವಾ?" "ಹೂವಿನ ಥರ ಅರಳುತ್ತೆ, ಒಡೆಯಲ್ಲ. ನಿಮ್ಮ ಪುಕ್ಕಲುತನ ನೋಡಿದ್ರೆ ಜಿಂಕೇನೇ ನಿಮಗೆ ಧೈರ್ಯ ಹೇಳ್ಬೇಕು!" ಇಷ್ಟೆಲ್ಲ ಕೇಳಿ ಖರೀದಿಸಿದ ಗುಂಡಿನಲ್ಲಿ ಹೊಡೆದರೂ ಗಾಯದ ಸುತ್ತ ಎರಡು ಗೇಣು ಮಾಂಸ ಕತ್ತರಿಸಿ ಹೂಳುತ್ತಾನೆ, ಉಳಿದದ್ದು ಬೆಂದ ಮೇಲೆ ಮೊದಲ ತುತ್ತನ್ನು ತಾನೇ ಮುಂದಿನ ಹಲ್ಲಲ್ಲಿ ಅಗಿದು, ಎಲ್ಲಿ ಕಟಕ್ ಎನ್ನುತ್ತದೋ ಎಂದು ಕಣ್ಣು ಮುಚ್ಚಿ ಕಾಯುತ್ತಾನೆ. ಗುಂಡೆಲ್ಲ ಸೀಸದ್ದೇ ಆಗಿದ್ದು, ಅದರ ವಿಷಕ್ಕೆ ಯಾರೂ ಹೆದರದಿದ್ದ ಕಾಲದಲ್ಲಿ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಆಟವಿತ್ತು: ಯಾರ ಹಲ್ಲಿಗೆ ಗುಂಡಿನ ಚೂರು ಸಿಕ್ಕಿತೋ ಅವರಿಗೆ ಆ ವರ್ಷದ ಅದೃಷ್ಟ. ಬಹಳ ಸಲ ಗೆದ್ದವಳು ಮಗಳು ಸಿಗ್ರಿಡ್. ಅವಳೀಗ ಬಸುರಿ; ಎಂದೋ ಮೈಗೆ ಸೇರಿದ ಸೀಸ ಹೊಟ್ಟೆಯ ಕೂಸಿಗೂ ಇಳಿಯುತ್ತದಂತೆ. ಈ ಸಲ ಮಾರ್ಲಿಸ್ ರೇಗಿಸಿದಾಗ ಆರ್ವಿಡ್ ಜೇಬಿನಿಂದ ಹಳೆಯ ನಶ್ಯದ ಡಬ್ಬಿ ತೆಗೆದು, ಅದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದ. ಏಳು ಸೀಸದ ಚೂರುಗಳು ಗಲಗಲ ಎಂದವು. "ಇವೆಲ್ಲ ಸಿಗ್ರಿಡ್ ಉಗುಳಿದ್ದು," ಎಂದ. "ನುಂಗಿದ್ದು ಎಷ್ಟೋ, ಮಾರ್ಲಿಸ್."