ಸ್ಪ್ರಿಂಗ್ ನಾಲ್ಕೋ, ಆರೋ?

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ದವಡೆ ಮರಗಟ್ಟಲೆಂದು ರೋಗಿಗೆ ಇಂಜೆಕ್ಷನ್ ಕೊಟ್ಟು ಕಾಯುವ ಆ ಸ್ವಲ್ಪ ಹೊತ್ತಿನಲ್ಲೂ ಕಿಟಕಿಯ ಹತ್ತಿರ ಹೋಗಿ, ಕೆಳಗೆ ನಿಂತಿರುವ ನನ್ನ ಕಾರನ್ನು ನೋಡಿ ಬರುತ್ತೇನೆ. ಯಾರಾದರೂ ಕದ್ದೊಯ್ದಾರೆಂಬ ಭಯವೇನಿಲ್ಲ. ಇದನ್ನು ಇನ್ನೂ ಒಂಚೂರು ಸರಿಮಾಡಬಹುದಲ್ಲ ಎಂದು ಅನ್ನಿಸುತ್ತದೆ. ಹಾಗೆ ಅನ್ನಿಸುವುದೇ ನನಗೊಂದು ಸುಖ.

ನಾನು ಹಲ್ಲಿನ ಡಾಕ್ಟರು. ಮನೆ ಹಾಸನದಲ್ಲಿ, ಕ್ಲಿನಿಕ್ಕು ಹೊಳೆನರಸೀಪುರದಲ್ಲಿ. ಗಂಡ ಶಿವಲಿಂಗ ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಾ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ ಬರುತ್ತೇವೆ. ಇದೇ ಕಾರನ್ನು ನಾನು ವರ್ಷದಲ್ಲಿ ಕೆಲವು ಭಾನುವಾರ ಬೆಂಗಳೂರಿನಾಚೆಯ ಒಂದು ರೇಸ್ ಟ್ರ್ಯಾಕಿಗೂ ಕೊಂಡೊಯ್ಯುತ್ತೇನೆ. ಅಲ್ಲಿ ನನ್ನಂಥ ಹವ್ಯಾಸಿಗಳನ್ನು ಒಂದಷ್ಟು ಸುತ್ತು ಬಿಡುತ್ತಾರೆ. ನಲವತ್ತು ದಾಟಿದ ಮೇಲೆ ಕೆಲವರು ಯೋಗಕ್ಕೆ ಸೇರುತ್ತಾರೆ, ಕೆಲವರು ತಾರಸಿಯ ಮೇಲೆ ಡ್ರ್ಯಾಗನ್ ಫ್ರೂಟ್ ಬೆಳೆಯುತ್ತಾರೆ. ನಾನು ಹೆಲ್ಮೆಟ್ ಕೊಂಡೆ.

ತಾಪತ್ರಯ ಶುರುವಾಗಿದ್ದು ಸ್ಪ್ರಿಂಗಿನಿಂದ. ಚಕ್ರಕ್ಕೂ ಕಾರಿನ ಮೈಗೂ ನಡುವೆ ಕೂತಿರುವ ಈ ಸುರುಳಿ ಒಂದು ಮಿಲಿಮೀಟರ್ ತಗ್ಗಬೇಕಾದರೆ ಎಷ್ಟು ಕೇಜಿ ಭಾರ ಬೀಳಬೇಕು ಎನ್ನುವುದು ಅದರ ಗಟ್ಟಿತನದ ಲೆಕ್ಕ. ಕಂಪನಿಯವರು ಹಾಕಿ ಕೊಡುವುದು ಎರಡರ ಆಸುಪಾಸಿನದು. ಊರೊಳಗೆ ಹಾಯಾಗಿರುತ್ತದೆ, ಟ್ರ್ಯಾಕಿನ ತಿರುವಿನಲ್ಲಿ ಮಾತ್ರ ಕಾರು ತೂಕಡಿಸುವವರ ತಲೆಯ ಹಾಗೆ ಪಕ್ಕಕ್ಕೆ ವಾಲುತ್ತದೆ. ಹಾಗಾದರೆ ನಾಲ್ಕು ಹಾಕಿಸಲೇ, ಆರು ಹಾಕಿಸಲೇ? ಮುಂದೆ ಎಷ್ಟು, ಹಿಂದೆ ಎಷ್ಟು? ಮಳೆಗಾಲವಿಡೀ ಇದೇ ಧ್ಯಾನ. ಅನ್ನಕ್ಕೆ ಇಟ್ಟರೆ ಕುಕ್ಕರಿನ ವಿಷಲ್ ಕೇಳಿಸುತ್ತಿರಲಿಲ್ಲ. ಸ್ಕೂಟರ್ ಹಂಪ್ ಹಾರಿದರೆ ಅದರ ಹಿಂದಿನ ಚಕ್ರವನ್ನೇ ನೋಡುತ್ತ ನಿಲ್ಲುತ್ತಿದ್ದೆ. ಬೆಳಿಗ್ಗೆ ಆರು ಎಂದು ತೀರ್ಮಾನಿಸಿದ್ದು, ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕುವಾಗ ನಾಲ್ಕಾಗಿರುತ್ತಿತ್ತು.

ಚನ್ನರಾಯಪಟ್ಟಣದಲ್ಲಿ ಗ್ಯಾರೇಜ್ ಇಟ್ಟಿರುವ ಮಂಜಣ್ಣನಿಗೆ ಇಂಥ ಗೊಂದಲವೇ ಇಲ್ಲ. ಅವನಿಗೆ ಲೋಕದಲ್ಲಿರುವುದು ಎರಡೇ ತರದ ಕಾರು, ಗಟ್ಟಿ ಮತ್ತು ಮೆತ್ತಗೆ. ಮೆತ್ತಗಿರುವುದು ಅವನ ದೃಷ್ಟಿಯಲ್ಲಿ ಒಂದು ಕಾಯಿಲೆ.

"ಆರೇ ಆಕ್ಸಿ ಮೇಡಂ. ಕಮ್ಮಿ ಮಾಡುದ್ರೆ ಟ್ರ್ಯಾಕ್ನಾಗೆ ತೆಪ್ಪದಂಗೆ ಓಲಾಡ್ತದೆ" ಎಂದ.

"ರೋಡಲ್ಲಿ ಹೆಂಗಿರುತ್ತೆ?" ಎಂದು ಕೇಳಿದೆ.

"ರೋಡಾ? ಎರಡು ದಿನ ಕುಣಿತದೆ, ಆಮೇಲೆ ನೀವೇ ಒಂದ್ಕಳ್ತೀರಿ ಬುಡಿ."

ಹೊಂದಿಕೊಳ್ಳಬೇಕಾದದ್ದು ಸ್ಪ್ರಿಂಗ್ ಅಲ್ಲ, ನಾವು ಎಂಬುದು ಆಗ ನನಗೆ ಹೊಳೆಯಲಿಲ್ಲ. ಆರು ಹಾಕಿಸಿಯೇಬಿಟ್ಟೆ. ಮುಂದಿನ ಟ್ರ್ಯಾಕ್ ದಿನ ಕಾರು ಹಳಿಯ ಮೇಲಿದ್ದಂತೆ ತಿರುಗಿತು. ಸ್ಟೀರಿಂಗಿಗೆ ನಾನು ಅಂದುಕೊಂಡದ್ದು ನನಗಿಂತ ಮೊದಲೇ ಗೊತ್ತಾಗುತ್ತಿತ್ತು. ಮನೆಗೆ ಬಂದವಳು ಕೂತಲ್ಲಿ ಕೂರಲಾರದೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆಯುತ್ತ ಪ್ರತಿ ತಿರುವನ್ನೂ ವಿವರಿಸಿದೆ. ಶಿವಲಿಂಗ ಸೋಫಾದ ಮೇಲೆ ದಿಂಬಿಗೊರಗಿ ಎಲ್ಲವನ್ನೂ ಕೇಳಿದರು. ಅವರಿಗೆ ಬೆನ್ನಿನ ಡಿಸ್ಕಿನ ತೊಂದರೆ ಹಳೆಯದು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಪಾಠ ಮಾಡುತ್ತಾರೆ.

ಕೆಲವು ದಿನಗಳ ಮೇಲೆ ನೆಂಟರ ಮನೆಯ ನಾಮಕರಣಕ್ಕೆಂದು ಇಬ್ಬರೂ ಅರಕಲಗೂಡಿಗೆ ಹೊರಟೆವು. ದಾರಿಯಲ್ಲಿ ಟಾರು ಕಿತ್ತುಹೋಗಿದ್ದ ಒಂದು ತಿರುವು. ನಾನು ಅಂಥ ವೇಗದಲ್ಲೇನೂ ಇರಲಿಲ್ಲ. ಆದರೆ ಗಟ್ಟಿ ಸ್ಪ್ರಿಂಗು ತಗ್ಗಿಗೆ ತಗ್ಗದೆ, ಉಬ್ಬಿಗೆ ಬಾಗದೆ, ಚಕ್ರವನ್ನೇ ನೆಲದಿಂದ ಎತ್ತಿಬಿಟ್ಟಿತು. ಟೈರು ನೆಲ ಮುಟ್ಟದಿದ್ದರೆ ಸ್ಟೀರಿಂಗ್ ಬರೀ ಅಲಂಕಾರ. ಕಾರು ಕುಪ್ಪಳಿಸುತ್ತ ರಸ್ತೆ ಬಿಟ್ಟು, ರಾಗಿ ಹೊಲದ ಬದುವಿಗೆ ಮೂಗು ತಾಗಿಸುವಂತೆ ನಿಂತಿತು. ಹೊಲದಲ್ಲಿದ್ದ ಹೆಂಗಸೊಬ್ಬಳು ಕಳೆ ಕೀಳುವುದನ್ನು ನಿಲ್ಲಿಸಿ ನೋಡಿ, "ಯಾಕವ್ವಾ, ದಾರಿ ಅಲ್ಲೈತಲ್ಲ" ಎಂದಳು.

ಶಿವಲಿಂಗ ಬಾಗಿಲಿನ ಹಿಡಿಯಿಂದ ಕೈ ಬಿಟ್ಟಿರಲಿಲ್ಲ. ಇನ್ನೊಂದು ಕೈಯಲ್ಲಿ ಸೊಂಟದ ಬೆಲ್ಟ್ ಸರಿಮಾಡಿಕೊಂಡರು. "ಏನೂ ಆಗ್ಲಿಲ್ಲವಲ್ಲ, ನಡಿ" ಎಂದರು.

ಮರುದಿನದಿಂದ ಅವರು ಬಸ್ಸಿನಲ್ಲಿ ಹೋಗತೊಡಗಿದರು. "ಹತ್ತನೇ ಕ್ಲಾಸಿನವರಿಗೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಸ್ಪೆಷಲ್ ಕ್ಲಾಸ್ ಐತೆ ಕಣೆ ಉಮಾ. ನೀನು ನಿನ್ನ ಹೊತ್ತಿಗೆ ಹೋಗಿ ಬಾ" ಎಂದರು. ನಾನು ನಂಬಿದೆ. ಒಬ್ಬಳೇ ಇದ್ದರೆ ರೇಡಿಯೋ ಜೋರಾಗಿ ಇಟ್ಟುಕೊಳ್ಳಬಹುದೆಂದು ಮೊದಲ ವಾರ ಖುಷಿಯಾಗಿಯೇ ಇದ್ದೆ. ಎರಡನೇ ವಾರಕ್ಕೆ ರೇಡಿಯೋ ಬೇಜಾರಾಯಿತು. ಪಕ್ಕದ ಸೀಟಿನಲ್ಲಿ ನನ್ನ ಬ್ಯಾಗು ಕೂತಿರುತ್ತಿತ್ತು, ಒಂದು ಮಾತಿಗೂ ಹೂಂಗುಟ್ಟುತ್ತಿರಲಿಲ್ಲ.

ಗುಟ್ಟು ಹೊರಬಿದ್ದದ್ದು ಅವರ ಶಾಲೆಯ ಹೆಡ್ ಮಿಸ್ಟ್ರೆಸ್ ವನಜಾಕ್ಷಿ ಮೇಡಂ ಹಲ್ಲು ತೋರಿಸಲು ಬಂದ ದಿನ. ಕಿತ್ತ ಹಲ್ಲಿನ ಜಾಗಕ್ಕೆ ಅವರಿಗೆ ಇಂಪ್ಲಾಂಟ್ ಹಾಕಬೇಕಿತ್ತು. ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ. ನಮ್ಮ ಹುಟ್ಟುಹಲ್ಲು ಎಲುಬಿಗೆ ನೇರ ಅಂಟಿಕೊಂಡಿಲ್ಲ. ನಡುವೆ ನಾರಿನ ತೆಳುವಾದ ಒಂದು ಪದರ ಇದೆ, ಅಗಿದಾಗ ಹಲ್ಲು ಕೂದಲೆಳೆಯಷ್ಟು ತಗ್ಗಿ ಏಳುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ತಟ್ಟನೆ ನಮಗೆ ತಿಳಿಸುವುದರಲ್ಲಿ ಅದರದೇ ದೊಡ್ಡ ಪಾಲು. ಇಂಪ್ಲಾಂಟಿಗೆ ಆ ಪದರ ಇರುವುದಿಲ್ಲ. ಗಟ್ಟಿಯಾಗಿ ಕೂತಿರುತ್ತದೆ, ಆದರೆ ಎಷ್ಟು ಜೋರಾಗಿ ಕಚ್ಚಿದೆವೆಂದು ನಮಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಜೋಪಾನ ಎಂದೆ. ಆಮೇಲೆ ಮಾತಿಗೆ, "ಸ್ಪೆಷಲ್ ಕ್ಲಾಸಿಂದ ನಿಮಗೆಲ್ಲ ಸುಸ್ತಾಗಿರಬೇಕು" ಎಂದೆ.

"ಸ್ಪೆಷಲ್ ಕ್ಲಾಸಾ? ಅದಿನ್ನೂ ಶುರುವೇ ಮಾಡಿಲ್ಲವಲ್ಲ" ಎಂದರು.

ಆ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ಹೋಗಿ ನಿಂತೆ. ಶಿವಲಿಂಗ ಹೊರಗೆ ಬಂದವರು ನನ್ನನ್ನೂ ಕಾರನ್ನೂ ನೋಡಿ, ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕರು.

"ಕಾರಲ್ಲಿ ಬೆನ್ನು ನೋಯುತ್ತಾ?"

"ಬಸ್ಸಲ್ಲಿ ಟೈರ್ ಮೇಲಿನ ಸೀಟಲ್ಲಿ ಕೂತ್ರೂ ಇಷ್ಟು ನೋಯಲ್ಲ ಕಣೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅವತ್ತೇ ತೆಗಿಸ್ಬಿಡ್ತಿದ್ದೆ. ಆಮೇಲೆ ಮುಖ ಸಣ್ಣಗೆ ಮಾಡ್ಕೊಂಡು ಮನೆ ತುಂಬಾ ಓಡಾಡ್ತಿದ್ದೆ. ನೀನು ಆ ಟ್ರ್ಯಾಕಿಂದ ಬಂದ ದಿನ ಹೆಂಗಿರ್ತೀಯ ಅಂತ ನಿಂಗೊತ್ತಿಲ್ಲ. ನಂಗೊತ್ತು."

ಸಿಟ್ಟು ಮಾಡಬೇಕೆಂದೇ ಹೋಗಿದ್ದೆ. ಆಗಲಿಲ್ಲ. ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು, ಬಸ್ಸಿನ ಹಿಂದೆಯೇ ಹಾಸನದವರೆಗೂ ಕಾರು ಓಡಿಸಿಕೊಂಡು ಬಂದೆ.

ಮುಂದಿನ ವಾರ ಮತ್ತೆ ಚನ್ನರಾಯಪಟ್ಟಣಕ್ಕೆ ಹೋದೆ. ಮಂಜಣ್ಣನಿಗೆ ನೋವಾಯಿತು.

"ಆರು ತಗ್ದು ನಾಕು ಆಕದಾ? ಟ್ರ್ಯಾಕ್ನಾಗೆ ಜನ ನಗ್ತಾರೆ ಮೇಡಂ."

"ನಗಲಿ ಬಿಡು, ಹಲ್ಲು ಹೆಂಗಿವೆ ಅಂತ ನೋಡ್ಕೋತೀನಿ" ಎಂದೆ.

ನಾಲ್ಕರ ಸ್ಪ್ರಿಂಗಿಗೆ ತಕ್ಕ ಶಾಕ್ ಅಬ್ಸಾರ್ಬರನ್ನೂ ಹೊಂದಿಸಿಕೊಟ್ಟ. ಹೊಸ ಸ್ಪ್ರಿಂಗಿನಲ್ಲಿ ಮೊದಲ ಟ್ರ್ಯಾಕ್ ದಿನ ಬಂದಾಗ ಶಿವಲಿಂಗ, "ನಾನೂ ಬರ್ತೀನಿ, ನೋಡಾಣ" ಎಂದು ಸೊಂಟದ ಬೆಲ್ಟ್ ಬಿಗಿದು ಕಾರಿನಲ್ಲಿ ಕೂತರು. ಕಾರು ತಿರುವಿನಲ್ಲಿ ಮತ್ತೆ ಒಂದಿಷ್ಟು ವಾಲಿತು. ಹಿಂದಿನ ಸಲ ನಾನು ದಾಟಿದ್ದವರೆಲ್ಲ ಈ ಸಲ ನನ್ನನ್ನು ದಾಟಿದರು. ಸುತ್ತು ಮುಗಿಸಿದ ಕಾರುಗಳು ನಿಲ್ಲುವ ಪಿಟ್ಟಿನಲ್ಲಿ ಪಕ್ಕದ ಕಾರಿನವನೊಬ್ಬ ನನ್ನ ಸ್ಪ್ರಿಂಗ್ ಎಷ್ಟೆಂದು ಕೇಳಿದ. ನಾಲ್ಕು ಎಂದೆ. "ಅಯ್ಯೋ, ಅಷ್ಟು ಕಮ್ಮಿ ಯಾಕೆ?" ಎಂದ.

"ಇದೇ ಕಾರಲ್ಲಿ ಮನೆಗೂ ಹೋಗ್ಬೇಕು" ಎಂದೆ. ಅವನ ಕಾರು ಟ್ರಕ್ಕಿನ ಮೇಲೆ ಬಂದಿತ್ತು. ಅವನಿಗೆ ಅರ್ಥವಾಗಲಿಲ್ಲ.

ಹಿಂದಿರುಗುವಾಗ ನನ್ನ ತಲೆ ಎಂದಿನಂತೆ ಓಡುತ್ತಿತ್ತು. ಹಿಂದಿನ ಚಕ್ರಗಳ ಸ್ಪ್ರಿಂಗನ್ನು ಮಾತ್ರ ನಾಲ್ಕೂವರೆ ಮಾಡಿದರೆ? ಕೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಹಿರೀಸಾವೆ ಹತ್ತಿರವಿತ್ತು, ಇಳಿಬಿಸಿಲು ಎದುರಿನಿಂದ ಹೊಡೆಯುತ್ತಿತ್ತು, ಶಿವಲಿಂಗ ಬಾಯಿ ಅರೆ ತೆರೆದು ನಿದ್ದೆ ಹೋಗಿದ್ದರು. ಬೆನ್ನುನೋವಿಗೆ ಮನೆಯ ಹಾಸಿಗೆಯಲ್ಲೂ ಮಗ್ಗುಲು ಬದಲಿಸುತ್ತಲೇ ಇರುವ ಮನುಷ್ಯ.

ನಾಲ್ಕೂವರೆಯ ವಿಷಯ ಅಲ್ಲಿಗೇ ನಿಂತಿತು. ಚನ್ನರಾಯಪಟ್ಟಣ ದಾಟಿತು. ಹಾಸನ ಬಂತು. ಬೈಪಾಸಿನಲ್ಲಿ ನಮ್ಮ ಬಡಾವಣೆಗೆ ತಿರುಗುವ ರಸ್ತೆಯೂ ಬಂತು. ತಿರುಗಿದರೆ ಮೊದಲು ಹಂಪು, ಆಮೇಲೆ ಗೇಟು, ಆಮೇಲೆ ಅವರನ್ನು ಎಬ್ಬಿಸುವುದು. ಹಾಕಿದ್ದ ಇಂಡಿಕೇಟರನ್ನು ಆರಿಸಿ, ಎಲ್ಲಿಗೂ ಅಲ್ಲದೆ, ನೇರ ಮುಂದಕ್ಕೆ ಹೋದೆ.